ಮೀಥೇನನ್ನು ಬೋರ್ಡ್ ಮೇಲೆ ಪ್ಲಸ್ ಚಿಹ್ನೆ ಥರ ಬರೆದು ಸಿಕ್ಕಿಹಾಕಿಕೊಂಡೆ. ಅಣುಗಳ ಆಕಾರ ನೀವೆಲ್ಲ ಹೇಗೆ ಪಾಠ ಮಾಡ್ತೀರಿ?

ಬಯಲುಸೀಮೆ_ಮೇಷ್ಟ್ರು

ಫಸ್ಟ್ ಪಿಯು ಕೆಮಿಸ್ಟ್ರಿ ತಗೊಳ್ತೀನಿ, ಹನ್ನೊಂದನೇ ವರ್ಷ. ತಾಲೂಕು ಕೇಂದ್ರದ ಕಾಲೇಜು, ಮುಕ್ಕಾಲು ಪಾಲು ಮಕ್ಕಳು ಎಸ್ಸೆಸ್ಸೆಲ್ಸಿ ತನಕ ಕನ್ನಡ ಮೀಡಿಯಂ.

ಸೋಮವಾರ ಕೆಮಿಕಲ್ ಬಾಂಡಿಂಗ್ ಟೆಸ್ಟ್ ಇತ್ತು. ಡೈಕ್ಲೋರೋಮೀಥೇನ್ (ಇಂಗಾಲಕ್ಕೆ ಎರಡು ಹೈಡ್ರೋಜನ್, ಎರಡು ಕ್ಲೋರಿನ್) ಪೋಲಾರ್, ಅಂದ್ರೆ ಒಂದು ಕಡೆ ಪಾಸಿಟಿವ್ ಇನ್ನೊಂದು ಕಡೆ ನೆಗೆಟಿವ್, ಹೌದೋ ಅಲ್ಲವೋ, ಕಾರಣ ಕೊಡಿ ಅಂತ ಎರಡು ಮಾರ್ಕಿನ ಪ್ರಶ್ನೆ. ಒಬ್ಬ ಹುಡುಗಿ ಬರೆದದ್ದು ಇಷ್ಟು: "ಇದರಲ್ಲಿ ಎರಡು ಬಗೆ ಇದೆ. ಕ್ಲೋರಿನ್‌ಗಳು ಪಕ್ಕಪಕ್ಕ ಇದ್ದರೆ ಪೋಲಾರ್, ಎದುರುಬದುರು ಇದ್ದರೆ ನಾನ್‌ಪೋಲಾರ್. ಯಾವುದು ಅಂತ ಪ್ರಶ್ನೆಯಲ್ಲಿ ಕೊಟ್ಟಿಲ್ಲ."

ಸೊನ್ನೆ ಹಾಕಿದೆ. ಮಾರನೇ ದಿನ ನೋಟ್ಸ್ ಹಿಡ್ಕೊಂಡು ಸ್ಟಾಫ್ ರೂಮಿಗೇ ಬಂದಳು. ನೋಡಿದ್ರೆ ನಾನೇ ಬೋರ್ಡ್ ಮೇಲೆ ಬರೆದ ಚಿತ್ರ. ನಡುವೆ ಇಂಗಾಲ, ನಾಲ್ಕು ದಿಕ್ಕಿಗೆ ನಾಲ್ಕು ಗೆರೆ, ಅಪ್ಪಟ ಪ್ಲಸ್ಸು. ಕೆಳಗೆ "109.5 ಡಿಗ್ರಿ" ಅಂತ ಬೇರೆ ಬರೆದಿದ್ದೀನಿ, ಚಿತ್ರದಲ್ಲಿ ಇರೋದು 90. ಅವಳ ಮುಂದೆ ಏನು ಹೇಳಬೇಕೋ ತೋಚಲಿಲ್ಲ.

ನೀವು ಹೇಗೆ ಮಾಡ್ತೀರಿ? ಮಾಡೆಲ್ ಕಿಟ್ ಒಂದೇ ಇದೆ, ಅದರಲ್ಲಿ ಅರ್ಧ ಕಡ್ಡಿ ಮುರಿದಿವೆ. ಕ್ಲಾಸಲ್ಲಿ 84 ಜನ.

ಸುಮ್ನೆ_ಓದೋನು

ಹುಡುಗಿಗೆ ಎರಡಕ್ಕೆರಡು ಕೊಡಿ ಸಾರ್ ಮೊದಲು.

ಧಾರವಾಡ_ಪೇಡಾ

ಸರ, ಬಲೂನ್ ತರ್ರಿ. ನಾಕು ಬಲೂನ್ ಒಂದ ಅಳತಿಗೆ ಊದಿ, ಬಾಯಿ ಎಲ್ಲಾ ಕೂಡಿಸಿ ಗಂಟ್ ಹಾಕ್ರಿ. ಎರಡು ಕಟ್ಟಿದ್ರ ಎದುರಾಬದುರಾ ನಿಲ್ತಾವ, ಮೂರು ಕಟ್ಟಿದ್ರ ತ್ರಿಕೋನ, ನಾಕು ಕಟ್ಟಿದ ಕೂಡ್ಲೆ ನೀವು ಏನೂ ಹೇಳದನ ತಾವ ಸರದು ಟೆಟ್ರಾಹೆಡ್ರನ್ (ನಾಕು ತ್ರಿಕೋನ ಮುಖದ ಆಕೃತಿ) ಆಗಿ ಕುಂದರತಾವ. ಬೇಕಂತ ಒತ್ತಿ ಪ್ಲಸ್ ಮಾಡ್ರಿ, ಕೈ ಬಿಟ್ಟ್ರ ಮತ್ತ ತಿರುಗಿ ಬರ್ತಾವ. ಆ ತಿರುಗಿ ಬರೋದನ್ನ ಹುಡುಗ್ರು ನೋಡಬೇಕ್ರಿ, ಅದ ಪಾಠ. ಎಲೆಕ್ಟ್ರಾನ್ ಜೋಡಿಗಳು ಒಂದಕ್ಕೊಂದು ದೂರ ಸರಿತಾವ ಅನ್ನೂದು ಅಷ್ಟ.

ಹಿಂದಿನ ಬೆಂಚಿನವ್ರು ಒಂದೆರಡು ಒಡೀತಾರ. ಎಕ್ಸ್‌ಟ್ರಾ ತರ್ರಿ.

ನಿವೃತ್ತ_ಉಪನ್ಯಾಸಕಿ

ಮೇಷ್ಟ್ರೇ, ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ವಿದ್ಯಾರ್ಥಿನಿಯ ತರ್ಕದಲ್ಲಿ ಒಂದು ಕೂದಲೆಳೆಯಷ್ಟೂ ತಪ್ಪಿಲ್ಲ. ಚಿತ್ರ ತಪ್ಪು. ಇಂಗಾಲ ನಿಜಕ್ಕೂ ಚಪ್ಪಟೆ ಚೌಕವಾಗಿದ್ದರೆ ಡೈಕ್ಲೋರೋಮೀಥೇನ್ ಎರಡು ಬಗೆಯದು ಇರಲೇಬೇಕಿತ್ತು. ಎರಡು ಬಾಟಲಿ, ಎರಡು ಕುದಿಬಿಂದು. ಆದರೆ ಎಷ್ಟು ಹುಡುಕಿದರೂ ಸಿಕ್ಕಿದ್ದು ಒಂದೇ, ಸುಮಾರು 40 ಡಿಗ್ರಿಗೆ ಕುದಿಯುವಂಥದ್ದು.

ಹಾಲೆಂಡಿನ ವಾನ್ಟ್ ಹಾಫ್ 1874ರಲ್ಲಿ ಹೂಡಿದ ವಾದಗಳಲ್ಲಿ ಇದೂ ಒಂದು. ಆಗ ಅವರ ವಯಸ್ಸು 22. ಎಕ್ಸ್-ರೇ ಇಲ್ಲ, ಎಲೆಕ್ಟ್ರಾನ್ ಅನ್ನುವುದೇ ಗೊತ್ತಿಲ್ಲದ ಕಾಲ. ಎಷ್ಟು ಬಗೆ ಸಿಗಬೇಕಿತ್ತು, ಎಷ್ಟು ಸಿಕ್ಕಿದೆ ಅಂತ ಲೆಕ್ಕ ಹಾಕಿಯೇ ಇಂಗಾಲದ ನಾಲ್ಕು ಬಂಧಗಳು ಚತುಷ್ಫಲಕದ (ಟೆಟ್ರಾಹೆಡ್ರನ್) ಮೂಲೆಗಳ ಕಡೆಗಿವೆ ಎಂದರು. ಅದೇ ವರ್ಷ ಫ್ರಾನ್ಸಿನಲ್ಲಿ ಲೆ ಬೆಲ್ ಕೂಡ ಸ್ವತಂತ್ರವಾಗಿ ಅದೇ ತೀರ್ಮಾನಕ್ಕೆ ಬಂದರು. ನಿಮ್ಮ ಹುಡುಗಿ ಆ ಲೆಕ್ಕದ ಮೊದಲ ಅರ್ಧವನ್ನು ತಾನೇ ಮಾಡಿದ್ದಾಳೆ. ಉಳಿದರ್ಧ ನೀವು ಹೇಳಿಕೊಡಿ.

ಬೆಂಜೀನ್_ಅಕ್ಕ

ಮೇಡಂ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ವಾನ್ಟ್ ಹಾಫ್ ರಟ್ಟಿನಲ್ಲಿ ಪುಟ್ಟ ಪುಟ್ಟ ಚತುಷ್ಫಲಕ ಮಾಡಿ ದೊಡ್ಡ ದೊಡ್ಡ ಕೆಮಿಸ್ಟ್‌ಗಳಿಗೆ ಕಳಿಸಿದ್ರು. ಬರೀ ಚಿತ್ರ ನೋಡಿದ್ರೆ ಯಾರಿಗೂ ಅರ್ಥ ಆಗಲ್ಲ ಅಂತ ಅವರಿಗೇ ಗೊತ್ತಿತ್ತು! ಜರ್ಮನಿಯ ಕೋಲ್ಬೆ 1877ರಲ್ಲಿ, ಪಶುವೈದ್ಯ ಶಾಲೆಯಲ್ಲಿ ಕೆಲಸ ಮಾಡೋ ಈ ಹುಡುಗನಿಗೆ ಸರಿಯಾದ ರಸಾಯನಶಾಸ್ತ್ರದಲ್ಲಿ ಆಸಕ್ತಿ ಇಲ್ಲ ಅನ್ನೋ ಅರ್ಥದಲ್ಲಿ ಚೆನ್ನಾಗಿ ಉಗಿದು ಬರೆದ. ಕೊನೆಗೆ ರಸಾಯನಶಾಸ್ತ್ರದ ಮೊಟ್ಟಮೊದಲ ನೊಬೆಲ್ ಬಂದಿದ್ದು ಆ ಹುಡುಗನಿಗೇ, 1901ರಲ್ಲಿ.

ಗಣಿತದ_ಗಿರಾಕಿ

ನೊಬೆಲ್ ಬಂದಿದ್ದು ಚತುಷ್ಫಲಕಕ್ಕಲ್ಲ ಅಕ್ಕ. ರಾಸಾಯನಿಕ ಕ್ರಿಯೆಗಳ ಚಲನಶಾಸ್ತ್ರ ಮತ್ತು ಆಸ್ಮಾಟಿಕ್ ಪ್ರೆಶರ್ ಕೆಲಸಕ್ಕೆ.

ಬೆಂಜೀನ್_ಅಕ್ಕ

ಹೌದಪ್ಪ, ಇದಕ್ಕೇ ಬಂತು ಅಂತ ನಾನೆಲ್ಲಿ ಹೇಳಿದೆ. 🙂

ಇನ್ನೊಂದು ಮಜಾ ಕೇಳಿ. ಹಾಫ್‌ಮನ್ ಅನ್ನೋ ಜರ್ಮನ್ ಕೆಮಿಸ್ಟ್ 1865ರಲ್ಲಿ ಲಂಡನ್ನಿನ ಉಪನ್ಯಾಸಕ್ಕೆ ಕ್ರೋಕೆ ಆಟದ ಚೆಂಡುಗಳಿಗೆ ಬಣ್ಣ ಬಳಿದು ಅಣು ಮಾಡೆಲ್ ತೋರಿಸಿದ. ಇಂಗಾಲ ಕಪ್ಪು, ಹೈಡ್ರೋಜನ್ ಬಿಳಿ, ಆಮ್ಲಜನಕ ಕೆಂಪು, ಸಾರಜನಕ ನೀಲಿ, ಕ್ಲೋರಿನ್ ಹಸಿರು. ಇವತ್ತಿಗೂ ನಮ್ಮ ಕಿಟ್‌ಗಳಲ್ಲಿ ಹೆಚ್ಚುಕಡಿಮೆ ಅದೇ ಬಣ್ಣ. ಆದ್ರೆ ಅವನ ಮೀಥೇನ್ ಹೇಗಿತ್ತು ಗೊತ್ತಾ? ಚಪ್ಪಟೆ. ಅಡ್ಡ ಒಂದು ಕಡ್ಡಿ, ಉದ್ದ ಒಂದು ಕಡ್ಡಿ. ಮೇಷ್ಟ್ರೇ, ನಿಮಗೆ ಘನವಾದ ಜೊತೆಯೇ ಇದೆ.

ಏಳೂ_ಬಣ್ಣ_ಒಂದೇ

ಬಣ್ಣದ ಮಾತು ಬಂತಲ್ಲ, ಹೇಳಿಬಿಡ್ತೀನಿ. ನನಗೆ ಕೆಂಪು ಹಸಿರು ಗೊತ್ತಾಗಲ್ಲ. ಪಿಯುನಲ್ಲಿ ಇಡೀ ವರ್ಷ ಆಮ್ಲಜನಕ ಯಾವುದು, ಕ್ಲೋರಿನ್ ಯಾವುದು ಅಂತ ಪಕ್ಕದವನನ್ನ ಕೇಳ್ತಿದ್ದೆ. ಕ್ಲೋರೋಫಾರ್ಮ್ ಮಾಡು ಅಂದ್ರೆ ಇಂಗಾಲಕ್ಕೆ ಮೂರು ಆಮ್ಲಜನಕ ಚುಚ್ಚಿ ಕೊಟ್ಟಿದ್ದೆ, ಕ್ಲಾಸೆಲ್ಲ ನಕ್ಕಿತು. ಮಾಡೆಲ್ ಮಾಡೋರು ದಯವಿಟ್ಟು ಒಂದು ಗುಂಡಿಗೆ ದಾರ ಸುತ್ತಿ, ಇನ್ನೊಂದಕ್ಕೆ ಗೀರು ಹಾಕಿ, ಇಲ್ಲಾ ಸೈಜ್ ಬೇರೆ ಮಾಡಿ. ಐದು ನಿಮಿಷದ ಕೆಲಸ.

ಬಯಲುಸೀಮೆ_ಮೇಷ್ಟ್ರು

ಇದು ನನ್ನ ತಲೆಗೆ ಹೊಳೆದೇ ಇರಲಿಲ್ಲ. 84ರಲ್ಲಿ ಇಬ್ಬರೋ ಮೂವರೋ ಇದ್ದೇ ಇರ್ತಾರೆ ಅನಿಸುತ್ತೆ, ಯಾರೂ ಬಾಯಿ ಬಿಡಲ್ಲ ಅಷ್ಟೇ.

ನೀಟ್_ಎರಡನೇ_ಸಲ

ಸರ್ ಇಷ್ಟೆಲ್ಲ ಯಾಕೆ. ಫಾರ್ಮುಲಾ ಇದೆಯಲ್ಲ. ಅರ್ಧ ಇಂಟು ವಿ ಪ್ಲಸ್ ಎಂ ಮೈನಸ್ ಸಿ ಪ್ಲಸ್ ಎ. ವಿ ಅಂದ್ರೆ ನಡುವಿನ ಪರಮಾಣುವಿನ ಹೊರಗಿನ ಎಲೆಕ್ಟ್ರಾನ್‌ಗಳು, ಎಂ ಅದಕ್ಕೆ ಅಂಟಿದ ಒಂದೇ ಬಂಧದ ಪರಮಾಣುಗಳು, ಸಿ ಪಾಸಿಟಿವ್ ಚಾರ್ಜ್, ಎ ನೆಗೆಟಿವ್ ಚಾರ್ಜ್. ನಾಲ್ಕು ಬಂದ್ರೆ ಟೆಟ್ರಾಹೆಡ್ರಲ್, ಐದು ಬಂದ್ರೆ ಟ್ರೈಗೊನಲ್ ಬೈಪಿರಮಿಡಲ್, ಆರು ಬಂದ್ರೆ ಆಕ್ಟಾಹೆಡ್ರಲ್. ಹತ್ತು ಸೆಕೆಂಡ್.

ಕರಾವಳಿ_ಕೆಮಿಸ್ಟ್ರಿ

ನೀರಿಗೆ ಹಾಕಿ ನೋಡು ಮಾರಾಯ. ಎಷ್ಟು ಬಂತು?

ನೀಟ್_ಎರಡನೇ_ಸಲ

ನಾಲ್ಕು.

ಕರಾವಳಿ_ಕೆಮಿಸ್ಟ್ರಿ

ಹಾಗಾದ್ರೆ ನೀರಿನ ಆಕಾರ ಟೆಟ್ರಾಹೆಡ್ರಲ್ಲಾ?

ನೀಟ್_ಎರಡನೇ_ಸಲ

ಬೆಂಟ್. ಲೋನ್ ಪೇರ್, ಅಂದ್ರೆ ಬಂಧದಲ್ಲಿ ಸೇರದ ಎಲೆಕ್ಟ್ರಾನ್ ಜೋಡಿ, ಕಳೀಬೇಕು ಸರ್, ಗೊತ್ತು.

ಕರಾವಳಿ_ಕೆಮಿಸ್ಟ್ರಿ

ನಿನಗೆ ಗೊತ್ತುಂಟು, ಒಪ್ಪಿದೆ. ನನ್ನ ಕ್ಲಾಸಿನ ಅರ್ಧ ಜನ ಅಲ್ಲೇ ನಿಂತು ಟೆಟ್ರಾಹೆಡ್ರಲ್ ಅಂತ ಬರೆದು ಬರ್ತಾರೆ. ಜೋಡಿಗಳನ್ನು ಎಣಿಸುವುದು ಬೇರೆ, ಆಕಾರಕ್ಕೆ ಹೆಸರಿಡುವುದು ಬೇರೆ. ಇದಕ್ಕೆ ನಾನು ಬಸ್ಸಿನ ಕತೆ ಹೇಳುವುದು. ಜಾತ್ರೆ ದಿವಸ ಬಸ್ಸು ಸ್ಟ್ಯಾಂಡಿಗೆ ಬರುವಾಗಲೇ ಕಿಟಕಿಯಿಂದ ಕರ್ಚೀಫು, ಟವೆಲು ಬೀಳ್ತದಲ್ಲ? ಸೀಟಲ್ಲಿ ಜನ ಇಲ್ಲ, ಆದ್ರೆ ಸೀಟು ಖಾಲಿ ಇಲ್ಲ. ಲೋನ್ ಪೇರ್ ಅಂದ್ರೆ ಆ ಟವೆಲು. ಯಾರು ಎಲ್ಲಿ ಕೂರಬೇಕು ಅನ್ನುವಾಗ ಟವೆಲನ್ನೂ ಲೆಕ್ಕ ಹಿಡಿಯಬೇಕು. ಆದರೆ ಫೋಟೋ ತೆಗೆದ್ರೆ ಕಾಣುವುದು ಕೂತ ಜನ ಮಾತ್ರ. ಆಕಾರಕ್ಕೆ ಹೆಸರಿಡುವುದು ಆ ಫೋಟೋಕ್ಕೆ.

ಅಮೋನಿಯದಲ್ಲಿ ಒಂದು ಟವೆಲು, ಮೂರು ಜನ. ನೀರಿನಲ್ಲಿ ಎರಡು ಟವೆಲು, ಇಬ್ಬರು ಜನ. ಒಮ್ಮೆ ಹೇಳಿದ್ರೆ ಆಯ್ತು, ಮತ್ತೆ ಮರೆಯುವುದಿಲ್ಲ.

ಸುಮ್ನೆ_ಓದೋನು

ಹತ್ತು ವರ್ಷದ ಹಿಂದೆ ಇದನ್ನ ಯಾರಾದ್ರೂ ಹೇಳಿದ್ರೆ ನಾನು ಕಾಮರ್ಸ್‌ಗೆ ಹೋಗ್ತಿರಲಿಲ್ಲ.

ಧಾರವಾಡ_ಪೇಡಾ

ಟವೆಲ್ ಉದಾಹರಣಿ ಭಾರಿ ಐತಿ, ಆದ್ರ ಒಂದ್ ಕಡೆ ಲೀಕ್ ಆಗ್ತದ ನೋಡ್ರಿ. ಟವೆಲ್ ಒಂದು ಸೀಟಷ್ಟ ಜಾಗ ಹಿಡಿತದ. ಲೋನ್ ಪೇರ್ ಅದಕಿಂತ ಜಾಸ್ತಿ ಹಿಡಿತದಲ್ರಿ? ಅದಕ್ಕ ಮೀಥೇನ್‌ನ್ಯಾಗ 109.5 ಇದ್ದದ್ದು ಅಮೋನಿಯದಾಗ 107, ನೀರಿನ್ಯಾಗ 104.5 ಆಗೂದು.

ಕರಾವಳಿ_ಕೆಮಿಸ್ಟ್ರಿ

ಟವೆಲಿನ ಜೊತೆ ಒಂದು ಅಕ್ಕಿಮೂಟೆ ಇಡುವ, ಬಿಡಿ.

ನಿವೃತ್ತ_ಉಪನ್ಯಾಸಕಿ

ಮೂಟೆ ಇಟ್ಟರೆ "ಯಾಕೆ ಜಾಸ್ತಿ ಜಾಗ" ಅನ್ನುವ ಪ್ರಶ್ನೆ ಹಾಗೇ ಉಳಿಯುತ್ತದೆ. ನಾನು ದುಪಟ್ಟಾ ಹಿಡಿಸಿ ತೋರಿಸುತ್ತಿದ್ದೆ. ಎರಡು ತುದಿಯನ್ನು ಇಬ್ಬರು ಹುಡುಗಿಯರು ಎಳೆದು ಹಿಡಿದರೆ ಬಟ್ಟೆ ನಡುವೆ ಸಣ್ಣಗೆ ಬಿಗಿಯಾಗುತ್ತದೆ. ಬಂಧದ ಜೋಡಿಯನ್ನು ಎರಡು ನ್ಯೂಕ್ಲಿಯಸ್‌ಗಳು ಹೀಗೆ ಹಿಡಿದಿರುತ್ತವೆ. ಒಬ್ಬಳು ಕೈ ಬಿಟ್ಟರೆ ಬಟ್ಟೆ ಇನ್ನೊಬ್ಬಳ ಕೈಯ ಹತ್ತಿರ ಗುಪ್ಪೆಯಾಗಿ ಹರಡುತ್ತದೆ. ಒಂಟಿ ಜೋಡಿಗೆ ಒಂದೇ ನ್ಯೂಕ್ಲಿಯಸ್ಸಿನ ಹಿಡಿತ, ಅದಕ್ಕೇ ಆ ಹರಡು.

ರಿಸರ್ಚ್_ರಾಟೆ

ಎಲ್ಲರೂ ಹಬ್ಬದ ಮೂಡಲ್ಲಿದ್ದೀರಿ, ನಾನು ಸ್ವಲ್ಪ ಹುಳಿ ಹಿಂಡ್ತೀನಿ. ನೀರು 104.5, ಸರಿ. ಅದೇ ಗುಂಪಿನ ಹೈಡ್ರೋಜನ್ ಸಲ್ಫೈಡ್ ಎಷ್ಟು? 92. ಅಮೋನಿಯದ ಗುಂಪಿನ ಫಾಸ್ಫೀನ್? 93.5ರ ಹತ್ತಿರ. ಸಲ್ಫೈಡಿನಲ್ಲೂ ನೀರಿನ ಥರವೇ ಎರಡು ಟವೆಲು, ಇಬ್ಬರು ಜನ, ಅದೇ ಬಸ್ಸು, ಆದ್ರೆ 12 ಡಿಗ್ರಿ ಎಲ್ಲಿ ಹೋಯ್ತು?

ನನ್ನ ತಕರಾರು ಬಲೂನಿನ ಮೇಲಲ್ಲ. ಪಾಠ ಮುಗಿದ ಮೇಲೆ ಮಕ್ಕಳು "ಇಂಗಾಲ ಎಸ್‌ಪಿ3 ಹೈಬ್ರಿಡೈಸ್ ಆಗುತ್ತೆ, ಆದ್ದರಿಂದ ಅದು ಟೆಟ್ರಾಹೆಡ್ರಲ್" ಅಂತ ಬರೀತಾರಲ್ಲ, ಅದರ ಮೇಲೆ. ಗಾಡಿ ಮುಂದೆ, ಎತ್ತು ಹಿಂದೆ. ಆಕಾರ ಪ್ರಯೋಗದಿಂದ ಗೊತ್ತಾದದ್ದು. ಹೈಬ್ರಿಡೈಸೇಷನ್, ಅಂದ್ರೆ ಎಲೆಕ್ಟ್ರಾನ್ ಇರೋ ಆರ್ಬಿಟಲ್‌ಗಳನ್ನ ಬೆರೆಸಿ ನೋಡೋದು, ಆಮೇಲೆ ನಾವು ಆ ಆಕಾರಕ್ಕೆ ಹೊಲಿಸಿದ ಅಂಗಿ. ಸಲ್ಫರ್ ಹೆಕ್ಸಾಫ್ಲೋರೈಡಿಗೆ ಎಸ್‌ಪಿ3ಡಿ2 ಅಂತ ಇನ್ನೂ ಬಾಯಿಪಾಠ ಮಾಡಿಸ್ತಿದ್ದೀವಿ. ಅಲ್ಲಿ ಡಿ ಆರ್ಬಿಟಲ್‌ಗಳ ಪಾಲು ತೀರಾ ಕಮ್ಮಿ ಅಂತ ಲೆಕ್ಕಾಚಾರಗಳು ತೋರಿಸಿ ದಶಕಗಳೇ ಆದ್ವು.

ಬಯಲುಸೀಮೆ_ಮೇಷ್ಟ್ರು

ಒಪ್ಪಿದೆ ಸರ್. ಆದ್ರೆ ಪರೀಕ್ಷೇಲಿ ಎಸ್‌ಪಿ3ಡಿ2 ಅಂತ ಬರೆದ್ರೇ ಮಾರ್ಕು. ನಾನು ಡಿ ಆರ್ಬಿಟಲ್ ಇಲ್ಲ ಅಂತ ಹೇಳಿ, ಅವರು ಹಾಗೇ ಬರೆದು ಬಂದ್ರೆ ಮಾರ್ಕು ಹೋಗೋದು ಅವರದ್ದು.

ರಿಸರ್ಚ್_ರಾಟೆ

ಸರ್ ಅಲ್ಲ, ಮೇಡಂ. 🙂

ಹೇಳಬೇಡಿ ಅನ್ನಲ್ಲ. ಒಂದು ಪದ ಬದಲಿಸಿ ಸಾಕು. "ಆದ್ದರಿಂದ" ಅನ್ನೋ ಕಡೆ "ಹೀಗೆ ವಿವರಿಸಬಹುದು" ಅನ್ನಿ. ಮಾರ್ಕೂ ಹೋಗಲ್ಲ, ಸುಳ್ಳೂ ಹೇಳಿದಂತಾಗಲ್ಲ.

ಕರಾವಳಿ_ಕೆಮಿಸ್ಟ್ರಿ

ಮೇಡಂ, ನಿಮ್ಮ ಪ್ರಶ್ನೆಗೆ ಉತ್ತರ ಬಲೂನಿನಲ್ಲೇ ಉಂಟು. ಸಲ್ಫರ್ ದೊಡ್ಡದು, ಆಮ್ಲಜನಕದಷ್ಟು ಜೋರಾಗಿ ಎಲೆಕ್ಟ್ರಾನನ್ನು ತನ್ನ ಕಡೆ ಎಳೆಯುವುದಿಲ್ಲ. ಬಂಧದ ಜೋಡಿಗಳು ನಡುವಿನ ಪರಮಾಣುವಿನಿಂದ ದೂರ ಇರ್ತವೆ, ಒಂದನ್ನೊಂದು ತಳ್ಳುವುದು ಕಡಿಮೆ. ಹಾಗಾಗಿ ಕೋನ ಮುಚ್ಚಿಕೊಳ್ತದೆ.

ರಿಸರ್ಚ್_ರಾಟೆ

ಕೋನ ಕಮ್ಮಿ ಆಗುತ್ತೆ ಅನ್ನೋವರೆಗೆ ಸರಿ. 92ಕ್ಕೇ ಯಾಕೆ ಬಂದು ನಿಲ್ಲುತ್ತೆ ಅಂತ ಬಲೂನು ಹೇಳಲ್ಲ. ಜೋಡಿಗಳು ದೂರ ಸರಿಯುತ್ತವೆ ಅಂತ ಗಿಲೆಸ್ಪಿ, ನೈಹೋಮ್ ಅನ್ನೋ ಕೆಮಿಸ್ಟ್‌ಗಳು 1957ರಲ್ಲಿ ಬರೆದದ್ದು ದಿಕ್ಕು ತೋರಿಸೋ ನಿಯಮ, ಡಿಗ್ರಿ ಲೆಕ್ಕ ಹಾಕೋ ಯಂತ್ರ ಅಲ್ಲ. ಅಷ್ಟು ಹೇಳಿ ಬಿಟ್ರೆ ನನ್ನ ಜಗಳ ಮುಗೀತು.

ನೀಟ್_ಎರಡನೇ_ಸಲ

ಸಿಇಟಿಲಿ 80 ನಿಮಿಷಕ್ಕೆ 60 ಪ್ರಶ್ನೆ. ದಿಕ್ಕು ತೋರಿಸಿದ್ರೆ ಸಾಕು ನಮಗೆ.

ಗಣಿತದ_ಗಿರಾಕಿ

109.5 ಎಲ್ಲಿಂದ ಬಂತು ಅಂತ ಯಾರೂ ಹೇಳ್ತಿಲ್ಲ. ಆಕಾಶದಿಂದ ಉದುರಿದ ಸಂಖ್ಯೆ ಅಂತ ಮಕ್ಕಳು ಅಂದ್ಕೊಂಡಿದಾರೆ. ಒಂದು ಘನಾಕೃತಿ ಡಬ್ಬ ತಗೊಳ್ಳಿ. ಎಂಟು ಮೂಲೆಗಳಲ್ಲಿ ಒಂದು ಬಿಟ್ಟು ಒಂದಕ್ಕೆ ಸ್ಕೆಚ್ ಪೆನ್ನಲ್ಲಿ ಚುಕ್ಕೆ ಇಡಿ, ನಾಲ್ಕು ಸಿಗುತ್ತೆ. ಆ ನಾಲ್ಕು ಹೈಡ್ರೋಜನ್, ಡಬ್ಬದ ನಟ್ಟನಡುವೆ ಇಂಗಾಲ. ಬದಿ 1 ಅಂದ್ರೆ ನಡುವಿನಿಂದ ಮೂಲೆಗೆ ರೂಟ್ 3ರ ಅರ್ಧ, ಚುಕ್ಕೆಯಿಂದ ಚುಕ್ಕೆಗೆ ರೂಟ್ 2. ಕೊಸೈನ್ ರೂಲ್ ಹಾಕಿ. ಕಾಸ್ ಬೆಲೆ ಮೈನಸ್ 1/3, ಕೋನ 109.47. ಮೂರು ಸಾಲು.

ಬೆಂಜೀನ್_ಅಕ್ಕ

ಇದಕ್ಕೆ ನನ್ನ ಕಡೆಯಿಂದ ಒಂದು ದೋಸೆ.

ಡಬ್ಬ ಸಿಗದಿದ್ರೆ ಮದುವೆ ಕಾಗದದ ಕವರ್. ಎರಡು ಬದಿ ಮುಚ್ಚಿರಬೇಕು, 10 ಸೆಂಟಿಮೀಟರ್ ಅಗಲ, 8.7 ಎತ್ತರಕ್ಕೆ ಕತ್ತರಿಸಿ. ಕೆಳಗಿನ ಬಾಯಿಯನ್ನ ಅಡ್ಡಕ್ಕೆ ಅಂಟಿಸಿ, ಮೇಲಿನ ಬಾಯಿಯನ್ನ ಅದಕ್ಕೆ 90 ಡಿಗ್ರಿ ತಿರುಗಿಸಿ ಅಂಟಿಸಿ. ಸರಿಯಾದ ಚತುಷ್ಫಲಕ ಎದ್ದು ಕೂರುತ್ತೆ. ಮದುವೆ ಸೀಸನ್ ಮುಗಿದ ಮೇಲೆ ಮನೇಲಿ ಕವರ್‌ಗೇನು ಬರ.

ಹಳ್ಳಿ_ವಿಜ್ಞಾನಿ

ಅರವಿಂದ್ ಗುಪ್ತ ಅವರ ಬೆಂಕಿಕಡ್ಡಿ, ಸೈಕಲ್ ವಾಲ್ವ್ ಟ್ಯೂಬ್ ಆಟಿಕೆ ಗೊತ್ತಲ್ಲ? ಟ್ಯೂಬನ್ನ ಚಿಕ್ಕ ಚಿಕ್ಕ ತುಂಡು ಮಾಡಿ ಕಡ್ಡಿ ಜೋಡಿಸೋದು. ಆರು ಕಡ್ಡಿಗೆ ಒಂದು ಚತುಷ್ಫಲಕ. ಖರ್ಚು ಅಂದ್ರೆ ಏನೂ ಇಲ್ಲ.

ನಿವೃತ್ತ_ಉಪನ್ಯಾಸಕಿ

ಇಲ್ಲೊಂದು ಗುಂಡಿಯಿದೆ, ನಾನೇ ಬಿದ್ದಿದ್ದೇನೆ. ಬೆಂಕಿಕಡ್ಡಿಯ ಆಕೃತಿ ತೋರಿಸಿ "ಇದೇ ಮೀಥೇನಿನ ಆಕಾರ" ಎಂದೆ. ಒಬ್ಬ ಹುಡುಗ ಎದ್ದು "ಮೇಡಂ, ಆರು ಬಂಧ ಇದೆಯಲ್ಲ" ಎಂದ. ಕಡ್ಡಿಗಳು ಅಂಚುಗಳು, ಬಂಧಗಳಲ್ಲ. ಬಂಧಗಳು ಒಳಗಿನ ಇಂಗಾಲದಿಂದ ಮೂಲೆಗೆ ಹೋಗುತ್ತವೆ, ಇಂಗಾಲವೇ ಆ ಮಾಡೆಲ್ಲಿನಲ್ಲಿ ಇಲ್ಲ! ಕವರಿನದೂ ಅದೇ ಕತೆ. ಜೊತೆಗೆ ಕಡ್ಡಿ ಚುಚ್ಚಿದ ಇನ್ನೊಂದು ಮಾಡೆಲ್ ಇಟ್ಟುಕೊಂಡೇ ತೋರಿಸಬೇಕು.

ಆಕ್ಟಾಹೆಡ್ರಲ್‌ನಲ್ಲಿ ಈ ಗೊಂದಲ ಇನ್ನೂ ಜಾಸ್ತಿ. ಆಕ್ಟಾ ಅಂದರೆ ಎಂಟು, ಬಂಧಗಳು ಆರು. ಎಂಟು ಇರುವುದು ಮುಖಗಳು. ಟೆಟ್ರಾದಲ್ಲಿ ಮುಖವೂ ನಾಲ್ಕು, ಮೂಲೆಯೂ ನಾಲ್ಕು, ಹಾಗಾಗಿ ತಪ್ಪು ತಿಳಿದಿದ್ದರೂ ಹೊರಗೆ ಬರುವುದಿಲ್ಲ.

ಹಳ್ಳಿ_ವಿಜ್ಞಾನಿ

ಹೌದಲ್ವಾ! ಮೂರು ವರ್ಷದಿಂದ ತೋರಿಸ್ತಿದ್ದೀನಿ, ಒಬ್ಬರೂ ಕೇಳಲಿಲ್ಲ ಅಂದ್ರೆ ಯಾರಿಗೂ ಅರ್ಥ ಆಗಿಲ್ಲ ಅಂತಾಯ್ತು.

ಸುಮ್ನೆ_ಓದೋನು

ಚತುಷ್ಫಲಕ ಅನ್ನೋದಕ್ಕಿಂತ ಚತುರ್ಮುಖಿ ಅಂದ್ರೆ ಬಾಯಿಗೆ ಸಲೀಸು ಅಲ್ವಾ?

ನಿವೃತ್ತ_ಉಪನ್ಯಾಸಕಿ

ಅನ್ನಬಹುದು. ಆದರೆ ಚತುರ್ಮುಖ ಎಂದ ಕೂಡಲೇ ಮಕ್ಕಳ ಕಣ್ಣ ಮುಂದೆ ಬ್ರಹ್ಮ ಬರುತ್ತಾನೆ. ಅವನ ನಾಲ್ಕು ಮುಖ ನಾಲ್ಕು ದಿಕ್ಕಿಗೆ, ಒಂದೇ ಮಟ್ಟದಲ್ಲಿ, 90 ಡಿಗ್ರಿ.

ಕರಾವಳಿ_ಕೆಮಿಸ್ಟ್ರಿ

ಬ್ರಹ್ಮ ಸ್ಕ್ವೇರ್ ಪ್ಲೇನಾರ್, ಅಂದ್ರೆ ಚಪ್ಪಟೆ ಚೌಕ. ಝೆನಾನ್ ಟೆಟ್ರಾಫ್ಲೋರೈಡ್ ಹಾಗೆ. 😂

ರಿಸರ್ಚ್_ರಾಟೆ

ತಮಾಷೆ ಪಕ್ಕಕ್ಕಿಟ್ಟು, ಮೇಷ್ಟ್ರ ಹುಡುಗಿಗೆ ಇದನ್ನ ಹೇಳಿ. ಅವಳು ಬರೆದ "ಎರಡು ಬಗೆ" ನಿಜವಾಗಿ ಇರೋ ಕಡೆ ಇದೆ. ಪ್ಲಾಟಿನಂ ಚಪ್ಪಟೆ ಚೌಕ ಕಟ್ಟುತ್ತೆ. ಎರಡು ಕ್ಲೋರಿನ್, ಎರಡು ಅಮೋನಿಯ. ಕ್ಲೋರಿನ್‌ಗಳು ಪಕ್ಕಪಕ್ಕ ಇದ್ರೆ ಸಿಸ್‌ಪ್ಲಾಟಿನ್, ಕ್ಯಾನ್ಸರ್‌ಗೆ ಕೊಡೋ ಔಷಧಿ. ಎದುರುಬದುರು ಇದ್ರೆ ಟ್ರಾನ್ಸ್‌ಪ್ಲಾಟಿನ್, ಔಷಧಿಯಾಗಿ ಕೆಲಸಕ್ಕೆ ಬರಲ್ಲ. ಅವಳ ಉತ್ತರ ಇಂಗಾಲಕ್ಕೆ ತಪ್ಪು, ಪ್ಲಾಟಿನಂಗೆ ಅಕ್ಷರಶಃ ಸರಿ. ಪಕ್ಕಪಕ್ಕದ್ದು ಪೋಲಾರ್ ಅನ್ನೋದೂ ಸೇರಿ.

ಬಯಲುಸೀಮೆ_ಮೇಷ್ಟ್ರು

ಇದು ಓದಿ ಮೈ ಜುಂ ಅಂತು ಮೇಡಂ.

ಧಾರವಾಡ_ಪೇಡಾ

ಟೆಟ್ರಾಹೆಡ್ರನ್ ತೋರ್ಸಾಕ ಇನ್ನೊಂದ್ ಐತ್ರಿ, ರೊಕ್ಕ ಖರ್ಚಿಲ್ಲ. ನೆಗ್ಗಿಲ ಮುಳ್ಳು. ಹೆಂಗ ಒಗದ್ರೂ ಒಂದ್ ಮುಳ್ಳು ಮ್ಯಾಲ ನಿಂತಿರತದ. ನಮ್ಮ ಸೈಕಲ್ ಪಂಕ್ಚರ್ ಆದದ್ದೆಲ್ಲ ಅದರ ದೆಸಿಂದನ. ಯಾಕ ಯಾವಾಗ್ಲೂ ಒಂದ್ ಮ್ಯಾಲ ಇರ್ತದ ಅಂತ ಕೇಳ್ರಿ ಹುಡುಗ್ರಿಗೆ.

ಗಣಿತದ_ಗಿರಾಕಿ

ನೆಗ್ಗಿಲ ಮುಳ್ಳು ಕರೆಕ್ಟ್ ಚತುಷ್ಫಲಕ ಅಲ್ಲ. ಎರಡು ಮುಳ್ಳು ಉದ್ದ, ಉಳಿದವು ಗಿಡ್ಡ.

ಧಾರವಾಡ_ಪೇಡಾ

ಕಾಲಾಗ ಚುಚ್ಚಿದಾಗ ಅಳತಿ ಮಾಡ್ತೀರೇನು ನೀವು?

ಬೆಂಜೀನ್_ಅಕ್ಕ

ವಿಷಯಾಂತರ, ಆದ್ರೂ ಹೇಳ್ತೀನಿ. ಆಕಾರ ಯಾಕೆ ಕಲೀಬೇಕು ಅಂತ ಕೇಳೋ ಮಕ್ಕಳ ಮೂಗಿಗೇ ಉತ್ತರ ಕೊಡಿ. ಪುದೀನ ಎಲೆ ಒಂದು ಕೈಯಲ್ಲಿ, ಸಬ್ಬಸಿಗೆ ಇನ್ನೊಂದು ಕೈಯಲ್ಲಿ. ಎರಡರಲ್ಲೂ ಕಾರ್ವೋನ್ ಅನ್ನೋ ಅಣು. ಅದೇ ಪರಮಾಣುಗಳು, ಅದೇ ಬಂಧಗಳು, ಎಡಗೈ ಬಲಗೈ ಥರ ಒಂದು ಇನ್ನೊಂದರ ಕನ್ನಡಿ ಬಿಂಬ. ಮೂಗಿಗೆ ಎರಡೂ ಬೇರೆ ಬೇರೆ.

ಹಳ್ಳಿ_ವಿಜ್ಞಾನಿ

ಸಬ್ಬಸಿಗೆ ಸೊಪ್ಪಲ್ಲ ಅಕ್ಕ, ಬೀಜ. ಸೊಪ್ಪಿನ ವಾಸನೆ ಮುಖ್ಯವಾಗಿ ಬೇರೆ ಅಣುಗಳದ್ದು.

ಬೆಂಜೀನ್_ಅಕ್ಕ

ಹಾಂ, ಬೀಜ. ಸರಿ ಮಾಡಿದ್ದಕ್ಕೆ ಥ್ಯಾಂಕ್ಸ್.

ಸುಮ್ನೆ_ಓದೋನು

ಈಗ ಸಬ್ಬಸಿಗೆ ಇಡ್ಲಿ ತಿನ್ನಬೇಕು ಅನಿಸ್ತಿದೆ.

ಹಳ್ಳಿ_ವಿಜ್ಞಾನಿ

84 ಜನಕ್ಕೆ ಬೇಕು ಅಂದ್ರೆ ಕಾಬೂಲಿ ಕಡಲೆ ಸರ್. ರಾತ್ರಿ ನೆನೆಸಿಡಿ, ಬೆಳಿಗ್ಗೆ ನೀರು ಬಸಿದು ಒಂದು ಗಂಟೆ ಆರಿಸಿ. ಟೂತ್‌ಪಿಕ್ ಸಲೀಸಾಗಿ ಚುಚ್ಚುತ್ತೆ. ಎರಡು ದಿನ ಬಿಟ್ರೆ ಕಡಲೆ ಒಣಗಿ ಕಡ್ಡಿಯನ್ನ ಬಿಗಿಯಾಗಿ ಕಚ್ಚಿಕೊಳ್ಳುತ್ತೆ. ಕ್ಲೋರಿನ್ ಜಾಗಕ್ಕೆ ಕಪ್ಪು ಕಡಲೆ. ಅದು ಸಣ್ಣದು, ನೆರಿಗೆ ನೆರಿಗೆ, ಬಣ್ಣ ಕಾಣದವರಿಗೆ ಬೆರಳಿಗೇ ಗೊತ್ತಾಗುತ್ತೆ. ಕ್ಲೋರಿನ್ ದೊಡ್ಡದಲ್ವಾ ಅಂತ ಜಗಳಕ್ಕೆ ಬರಬೇಡಿ ಯಾರೂ.

ರಿಸರ್ಚ್_ರಾಟೆ

ಬರೋದ್ರಲ್ಲೇ ಇದ್ದೆ.

ಮೊಬೈಲ್ ಇರೋರಿಗೆ ಫೆಟ್ (PhET) ಅನ್ನೋ ವೆಬ್‌ಸೈಟಿನ ಮಾಲಿಕ್ಯೂಲ್ ಶೇಪ್ಸ್ ಸಿಮ್ಯುಲೇಷನ್ನೂ ತೋರಿಸಿ. ಅದರಲ್ಲಿ ನಿಯಮದ ಮಾಡೆಲ್ ಬೇರೆ, ನಿಜವಾದ ಅಣುಗಳು ಬೇರೆ ಇಟ್ಟಿದ್ದಾರೆ. ಎರಡನ್ನೂ ಹೋಲಿಸಿ ನೋಡಬಹುದು. ಆದ್ರೆ ಕಡಲೆ ಮುಗಿದ ಮೇಲೆ. ತೆರೆ ಮೇಲೆ ಬೆರಳಾಡಿಸಿದ್ರೆ ತಿರುಗೋದು ಚಿತ್ರ.

ಬಯಲುಸೀಮೆ_ಮೇಷ್ಟ್ರು (ನಾಲ್ಕು ದಿನದ ಮೇಲೆ)

ವರದಿ ಒಪ್ಪಿಸ್ತಿದ್ದೀನಿ. ಎರಡು ಕೆಜಿ ಕಾಬೂಲಿ ಕಡಲೆ, ಅರ್ಧ ಕೆಜಿ ಕಪ್ಪು ಕಡಲೆ, ಟೂತ್‌ಪಿಕ್ ಡಬ್ಬ ಎಂಟು. ಜೋಡಿಗೆ ಎರಡು ಅಣು. ಒಬ್ಬರು ಕಪ್ಪು ಕಡಲೆ ಎರಡೂ "ಪಕ್ಕಪಕ್ಕ" ಚುಚ್ಚಿ, ಇನ್ನೊಬ್ಬರು "ಎದುರುಬದುರು" ಚುಚ್ಚಿ ಅಂತ ಹೇಳಿದೆ. ಬೇರೇನೂ ಹೇಳಲಿಲ್ಲ.

ಮೊದಲು ಕೆಲವರು ಚಪ್ಪಟೆಯಾಗೇ ಚುಚ್ಚಿದ್ರು. ಬಲೂನ್ ಕಟ್ಟಿದ್ದನ್ನ ಮೇಜಿನ ಮೇಲೆ ಇಟ್ಟಿದ್ದೆ, ಹಾಗೇ ಮಾಡಿ ಅಂದೆ. ಆಮೇಲೆ ಐದು ನಿಮಿಷ ಗದ್ದಲ. ಆ ಹುಡುಗಿ ಎರಡು ಕೈಯಲ್ಲಿ ಎರಡು ಹಿಡಿದು ತಿರುಗಿಸಿದಳು, ಮತ್ತೆ ತಿರುಗಿಸಿದಳು, ಪಕ್ಕದವಳದ್ದು ಕಿತ್ತುಕೊಂಡು ತಿರುಗಿಸಿದಳು. "ಎದುರು ಅನ್ನೋದೇ ಇಲ್ಲ ಸರ್ ಇದರಲ್ಲಿ. ಎಲ್ಲಿ ಚುಚ್ಚಿದ್ರೂ ಪಕ್ಕಾನೇ."

ಇಷ್ಟು ವರ್ಷದಲ್ಲಿ ನಾನು ಇದನ್ನ ಇಷ್ಟು ಚೆನ್ನಾಗಿ ಹೇಳಿರಲಿಲ್ಲ. ಎರಡು ಮಾರ್ಕು ಕೊಟ್ಟು ರಿಜಿಸ್ಟರ್ ತಿದ್ದಿದೆ. ಪ್ಲಾಟಿನಂ ಕತೆಯನ್ನೂ ಹೇಳಿದೆ.

ನಿವೃತ್ತ_ಉಪನ್ಯಾಸಕಿ

ಆ ವಾಕ್ಯವನ್ನು ಮುಂದಿನ ವರ್ಷದ ಬೋರ್ಡಿನ ಮೇಲೆ ಬರೆಯಿರಿ, ಅವಳ ಹೆಸರು ಹಾಕಿ.

ಸುಮ್ನೆ_ಓದೋನು

ಉಳಿದ ಕಡಲೆ ಏನಾಯ್ತು ಸಾರ್?

ಬಯಲುಸೀಮೆ_ಮೇಷ್ಟ್ರು

ಲ್ಯಾಬ್ ಬೆಂಚಿನ ಮೇಲೆ ಇಟ್ಟಿದ್ದು, ತಿನ್ನೋ ಹಾಗಿಲ್ಲ ಅಂತ ಎಲ್ಲರಿಗೂ ಕಟ್ಟುನಿಟ್ಟಾಗಿ ಹೇಳಿದ್ದೆ. ಲ್ಯಾಬಿಗೆ ತರದೇ ಮನೇಲೇ ಬಿಟ್ಟಿದ್ದ ಅರ್ಧ ಕೆಜಿಗೆ ಒಗ್ಗರಣೆ ಬಿತ್ತು. ನಾಳೆಯಿಂದ ಫಾಸ್ಫರಸ್ ಪೆಂಟಾಕ್ಲೋರೈಡ್. ಐದು ಬಲೂನು ಕಟ್ಟಿದ್ರೆ ಎರಡು ಮಾತ್ರ ಬೇರೆ ಥರ ನಿಲ್ಲುತ್ತೆ, ಯಾಕೆ ಅಂತ ಈಗಲೇ ಒಬ್ಬ ಕೇಳಿಟ್ಟಿದ್ದಾನೆ.

ಗಣಿತದ_ಗಿರಾಕಿ

ಗೋಳದ ಮೇಲೆ ಐದು ಚುಕ್ಕೆಯನ್ನ, ಐದಕ್ಕೂ ಅಕ್ಕಪಕ್ಕ ಒಂದೇ ಥರ ಇರೋ ಹಾಗೆ, ಒಂದೇ ಮಟ್ಟದಲ್ಲಿ ಬಿಟ್ಟು ಬೇರೆ ಹೇಗೂ ಹಂಚೋಕಾಗಲ್ಲ ಸರ್. ಮೇಲೆ ಕೆಳಗೆ ಇರೋ ಒಂದೊಂದಕ್ಕೂ 90 ಡಿಗ್ರೀಲಿ ಮೂರು ಜನ ನೆರೆಹೊರೆ, ನಡುವಿನ ಮೂರಕ್ಕೆ 90ರಲ್ಲಿ ಇಬ್ಬರೇ. ಅದಕ್ಕೇ ಮೇಲೆ ಕೆಳಗಿನ ಬಂಧ ಉದ್ದ. ಐದು ಕಡಲೆ ಕೊಟ್ಟು ಅವನ ಕೈಲೇ ಎಣಿಸಿ.

ಧಾರವಾಡ_ಪೇಡಾ

ಬಲೂನ್ ಎಕ್ಸ್‌ಟ್ರಾ ತರ್ರಿ ಸರ, ಮರೀಬ್ಯಾಡ್ರಿ.